ಸರ್ಕಾರದ ಹತ್ತಿರ ಇರುವ ಹಾಡು

ದೆಹಲಿಯ ಸಚಿವಾಲಯವನ್ನು ನಾನು ಕಣ್ಣಾರೆ ಕಂಡಿಲ್ಲ. ಇಷ್ಟು ವರ್ಷ ಅದರ ಅನ್ನ ತಿಂದಿದ್ದೇನೆ. ಅನ್ನ ಎನ್ನುವುದೂ ದೊಡ್ಡ ಮಾತೇ, ಒಗ್ಗರಣೆಯ ಘಮ ಕುಡಿದಿದ್ದೇನೆ ಎಂದರೆ ಸರಿಹೋದೀತು. ನಮ್ಮ ಗುಡ್ಡದ ಮೇಲಿನ ರೇಡಿಯೋ ನಿಲಯದಲ್ಲಿ ನಾನು ತಾತ್ಕಾಲಿಕ ಉದ್ಘೋಷಕಿ. ಕಾಲೇಜು ಮುಗಿಸಿದ ಹುಡುಗಿಯಾಗಿ ಒಳಗೆ ಹೋದವಳು, ಕೂದಲು ನರೆತ ಮೇಲೂ ತಾತ್ಕಾಲಿಕವಾಗಿಯೇ ಇದ್ದೇನೆ. ತಿಂಗಳಿಗೆ ಇಂತಿಷ್ಟೇ ಡ್ಯೂಟಿ ಎಂದು ಮಿತಿ ಇದೆ. ಅದಕ್ಕಿಂತ ಒಂದು ಹೆಚ್ಚು ಕೊಟ್ಟರೆ ನಾವು ನೌಕರರೆಂದು ಹಕ್ಕು ಕೇಳಿಬಿಟ್ಟೇವು ಎಂಬ ಭಯ ಎಲ್ಲೋ ಯಾರಿಗೋ ಇರಬೇಕು.

ಸಚಿವಾಲಯವನ್ನು ನಿಲಯದಲ್ಲಿ ನಾವೆಲ್ಲ ಬರೀ ‘ಡೆಲ್ಲಿ’ ಎನ್ನುತ್ತೇವೆ, ದೂರದಲ್ಲಿರುವ ಸಿಡುಕಿನ ಸೋದರಮಾವನ ಬಗ್ಗೆ ಮಾತಾಡುವ ಹಾಗೆ. ಡೆಲ್ಲಿ ಒಪ್ಪಲಿಲ್ಲ, ಡೆಲ್ಲಿಯಿಂದ ಬಂದಿದೆ, ಡೆಲ್ಲಿಗೆ ಬರೆದಿದ್ದೇವೆ. ನನಗೆ ಗೊತ್ತಿರುವ ಹಿರಿಯ ಉದ್ಘೋಷಕರೊಬ್ಬರು ಡೆಲ್ಲಿಗೆ ಬರೆದು ಬರೆದೇ ಮುದುಕರಾದರು. ಅವರಿಗೆ ಉತ್ತರವೂ ಬಂತು, ಅವರ ಪತ್ರ ತಲುಪಿದೆ ಎಂದು.

ಈಗಂತೂ ನಮ್ಮೂರಿನ ಮಾತಿಗೆ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ ಜಾಗ. ಉಳಿದದ್ದೆಲ್ಲ ಬೆಂಗಳೂರಿನಿಂದ ಬರುವುದನ್ನು ಹಿಡಿದು ಆಚೆ ದಾಟಿಸುವ ಕೆಲಸ, ಅದನ್ನು ಕಂಪ್ಯೂಟರ್ ಮಾಡುತ್ತದೆ. ನಾನು ಅದರ ಮುಂದೆ ಕುಳಿತಿದ್ದು, ಅದು ನಿಂತರೆ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎನ್ನಬೇಕು. ಅದು ನಿಲ್ಲುವುದೂ ಇಲ್ಲ. ಭಾಗಮಂಡಲದ ರಸ್ತೆಗೆ ಮರ ಬಿದ್ದು ಬಸ್ಸು ನಿಂತ ದಿನ, ಆ ಬಸ್ಸಿನೊಳಗೆ ಕುಳಿತವರು ಬೆಂಗಳೂರಿನ ಯಾವ ಸರ್ಕಲ್ಲಿನಲ್ಲಿ ಟ್ರಾಫಿಕ್ ಜಾಮ್ ಆಗಿದೆ ಎಂದು ಕೇಳುತ್ತಿರುತ್ತಾರೆ. ಮೊದಮೊದಲು ಇದಕ್ಕೆಲ್ಲ ಮೈಯುರಿಯುತ್ತಿತ್ತು. ಉರಿದು ಉರಿದು ಈಗ ಬೂದಿ ಮಾತ್ರ ಉಳಿದಿದೆ.

ಅಂಥ ಒಂದು ಮಧ್ಯಾಹ್ನ ಆ ಹೆಂಗಸು ಬಂದಳು. ಕಾಫಿ ಹೂವಿನ ಕಾಲ. ಊರಿಗೆ ಊರೇ ಮದುವೆ ಮನೆಯ ಹಾಗೆ ಘಮಗುಡುತ್ತಿತ್ತು. ಗೇಟಿನ ಕಾವಲಿನವನು ಫೋನು ಮಾಡಿ, “ಮೇಡಂ, ಅಮ್ಮತ್ತಿಯಿಂದ ಒಬ್ಬರು ಬಂದಿದ್ದಾರೆ, ಹಾಡು ಬೇಕಂತೆ” ಎಂದ. ಯಾರೋ ಹಳೇ ಕೇಳುಗರು ಮೆಚ್ಚಿನ ಚಿತ್ರಗೀತೆ ಕೇಳಲು ಬಂದಿದ್ದಾರೆಂದುಕೊಂಡು, ಅದೆಲ್ಲ ನಿಂತು ಎಷ್ಟೋ ಕಾಲವಾಯಿತು ಎಂದು ಹೇಳಿ ಕಳಿಸಲು ಕೆಳಗಿಳಿದು ಹೋದೆ.

ನನ್ನದೇ ವಯಸ್ಸಿನ ಹೆಂಗಸು. ಅಮ್ಮತ್ತಿಯ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳಂತೆ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆದಿಡಲು ಮರೆತು ಬಸ್ಸು ಹತ್ತಿದ್ದಳು.

“ಮೇಡಂ, ನಮ್ಮಮ್ಮ ನಿಮ್ಮಲ್ಲಿ ಒಂದು ಹಾಡು ಹಾಡಿದ್ದಾರೆ. ತುಂಬ ವರ್ಷ ಆಯ್ತು. ಅದು ಬೇಕಿತ್ತು” ಎಂದಳು.

“ಯಾವ ಹಾಡು? ನಾಟಿ ಹಾಡಾ, ಸೋಬಾನೆಯಾ?”

ಅವಳು ಸುತ್ತ ನೋಡಿದಳು. ಕಾವಲಿನವನು ದೂರ ಹೋಗುವವರೆಗೆ ಕಾದು, “ಹೆಣ ಎತ್ತುವ ಮುಂಚೆ ಹಾಡುವುದು” ಎಂದಳು.

ನನಗೆ ಕಾಲಿನಿಂದ ತಲೆಯವರೆಗೆ ನೆನಪಾಯಿತು. ಆ ಹಾಡು ನಾನು ಕೇಳಿದ್ದೆ. ಸ್ಟುಡಿಯೋದ ಗಾಜಿನ ಈಚೆ ನಿಂತು ಕೇಳಿದವರಲ್ಲಿ ಈಗ ಉಳಿದಿರುವುದು ಬಹುಶಃ ನಾನೊಬ್ಬಳೇ.

ನಾನು ಕೆಲಸಕ್ಕೆ ಸೇರಿದ ಹೊಸತು ಅದು. ಭಾಗಮಂಡಲದ ಆಚೆಯ ಒಂದು ಊರಿನಿಂದ ಹೆಂಗಸರ ತಂಡವೊಂದು ನಾಟಿ ಹಾಡುಗಳ ರೆಕಾರ್ಡಿಂಗಿಗೆ ಬಂದಿತ್ತು. ಅರೆಭಾಷೆಯವರು. ನಾನು ಸೋಮವಾರಪೇಟೆ ಕಡೆಯವಳು, ನನ್ನ ಕನ್ನಡ ಹಾಸನದ ಕಡೆ ವಾಲುತ್ತದೆ. ಅವರ ಮಾತು ನನಗೆ ಅರ್ಧ ಕಿವಿಗೆ, ಅರ್ಧ ಅಂದಾಜಿಗೆ. ಆಗಿನ ನಮ್ಮ ಕಾರ್ಯಕ್ರಮದ ಸಾಹೇಬರು ಹಾಡಿನ ಹುಚ್ಚಿನವರು. ನಾಟಿ ಹಾಡು ಮುಗಿದು ಹೊತ್ತು ಉಳಿದಾಗ, “ಇನ್ನು ಯಾವುದಾದರೂ ಇದೆಯಾ, ಯಾರೂ ಹಾಡದ್ದು?” ಎಂದು ಕೇಳಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅವರಲ್ಲಿ ದಪ್ಪ ಮೂಗುತಿಯ ಒಬ್ಬಾಕೆ, ಅವಳೇ ಇವಳ ತಾಯಿ, ಒಂದಿದೆ, ಆದರೆ ಮನೆಯಲ್ಲಿ ಹಾಡುವಂತಿಲ್ಲ ಎಂದಳು.

ಆ ಊರಿನಲ್ಲಿ ಸಾವಾದರೆ, ಹೆಣವನ್ನು ಅಂಗಳಕ್ಕೆ ತಂದು ಮಲಗಿಸಿ, ಎತ್ತುವ ಮುಂಚೆ ಒಬ್ಬ ಹೆಂಗಸು ತಲೆದೆಸೆಯಲ್ಲಿ ನಿಂತು ಹಾಡಬೇಕು. ಸತ್ತವರ ಪರವಾಗಿ ಮನೆಗೆ ಹೇಳಿಹೋಗುವ ಹಾಡು. ಒಲೆಯೇ, ನಾ ಹೋಗಿ ಬರುತ್ತೇನೆ. ಕೊಟ್ಟಿಗೆಯೇ, ನಾ ಹೋಗಿ ಬರುತ್ತೇನೆ. ಬಾವಿಯೇ, ಹೊಸಿಲೇ, ಬಿದಿರ ಮೆಳೆಯೇ. ಪ್ರತಿ ಸಲವೂ ಸತ್ತವರ ಹೆಸರು ಹಿಡಿದು ಹಾಡಬೇಕು. ಸಾವಿಲ್ಲದ ದಿನ ಆ ಹಾಡು ಮನೆಯ ಮಾಡಿನ ಕೆಳಗೆ ಬಾಯಿಗೆ ಬಂದರೆ ಆ ಮನೆಗೆ ಆಗದು. ಆದ್ದರಿಂದ ಯಾರೂ ಅದನ್ನು ಕೂತು ಕಲಿಯುವಂತಿಲ್ಲ, ಕಲಿಸುವಂತಿಲ್ಲ. ಸಾವಿನ ಮನೆಗಳಲ್ಲಿ ಹಾಡುವವಳ ಹಿಂದೆ ನಿಂತು ನಿಂತು ಬಾಯಿಗೆ ಹತ್ತಬೇಕು, ಅಷ್ಟೇ.

“ಇದು ಯಾರ ಮನೆ?” ಎಂದು ಆಕೆ ಸಾಹೇಬರನ್ನು ಕೇಳಿದಳು.

“ಯಾರ ಮನೆಯೂ ಅಲ್ಲ ತಾಯಿ, ಸರ್ಕಾರದ್ದು.”

“ಇಲ್ಲಿ ಒಲೆ ಹಚ್ತಾರ?”

“ಇಲ್ಲ. ಟೀ ಕೂಡ ಹೊರಗಿನಿಂದ ಬರುತ್ತದೆ.”

“ದೀಪ ಇಡ್ತಾರ?” ಎಂದು ಕೇಳುತ್ತ ಆಕೆ ಬಾಗಿಲ ಮೇಲಿನ ಕೆಂಪು ಬಲ್ಬಿನ ಕಡೆ ಕೈ ತೋರಿಸಿದಳು. ಅದು ಒಳಗೆ ಬರಬೇಡಿ ಎಂದು ಹೇಳುವ ಲೈಟು, ದೇವರಿಗೆ ಇಟ್ಟದ್ದಲ್ಲ ಎಂದು ಸಾಹೇಬರು ಪ್ರಮಾಣ ಮಾಡುವ ಧಾಟಿಯಲ್ಲಿ ಹೇಳಿದರು. ಒಲೆ ಇಲ್ಲ, ದೀಪ ಇಲ್ಲ, ಯಾರೂ ಹುಟ್ಟಿಲ್ಲ, ಯಾರೂ ಮಲಗುವುದಿಲ್ಲ. ಹಾಗಾದರೆ ಹಾಡಬಹುದು ಎಂದಳು. ಉಳಿದ ಹೆಂಗಸರು ಮಾತ್ರ ಸೆರಗಿನಿಂದ ಕಿವಿ ಮುಚ್ಚಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು.

ಸಾಹೇಬರು ನನ್ನಿಂದ ಮುಂದೊಂದು ಹಿಂದೊಂದು ಸಾಲು ನಿರೂಪಣೆ ಓದಿಸಿದರು. ಇದು ಪ್ರಸಾರಕ್ಕಲ್ಲ, ಯಾರ ಯಾರ ಮನೆಯ ರೇಡಿಯೋದಲ್ಲೋ ಕೇಳಿಬಂದರೆ ಜನ ಕಲ್ಲು ಹೊಡೆಯುತ್ತಾರೆ, ಆದರೆ ಇವತ್ತಲ್ಲ ನಾಳೆ ಡೆಲ್ಲಿಯ ಸಂಗ್ರಹಕ್ಕೆ ಕಳಿಸೋಣ ಎಂದರು. ಆಕೆ ಹಾಡಿದಳು. ಸತ್ತವರ ಹೆಸರು ಬರುವ ಜಾಗದಲ್ಲೆಲ್ಲ ಸುಮ್ಮನಾಗುತ್ತಿದ್ದಳು, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಮುಂದಿನ ಸಾಲು. ಆಗ ನನ್ನ ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಆದರೂ ಆ ಖಾಲಿ ಜಾಗಕ್ಕೆ ಒಬ್ಬೊಬ್ಬರದೇ ಹೆಸರು ತಾನಾಗಿ ಬಂದು ಕೂರುತ್ತಿತ್ತು.

ಈಗ ಆಕೆ ಲಕ್ವ ಹೊಡೆದು ಮಲಗಿದ್ದಳಂತೆ. ಮಂಗಳೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಮಾತು ಬಿದ್ದುಹೋಗಿತ್ತು, ಕಣ್ಣು ಮಾತ್ರ ಎಲ್ಲರನ್ನೂ ಹಿಂಬಾಲಿಸುತ್ತಿತ್ತು. ಊರಿನ ಅಷ್ಟು ಸಾವುಗಳಿಗೂ ಹಾಡಿದವಳ ಸಾವಿಗೆ ಹಾಡಲು ಯಾರೂ ಉಳಿದಿರಲಿಲ್ಲ. ಅವಳ ಹಿಂದೆ ನಿಂತು ಕಲಿಯಬೇಕಾದವರು ಮೈಸೂರು, ಮಂಗಳೂರು ಸೇರಿದ್ದರು. ಹೆಣಗಳು ಆಂಬುಲೆನ್ಸಿನಲ್ಲಿ ಬಂದು ಗಡಿಬಿಡಿಯಲ್ಲಿ ಹೋಗುತ್ತಿದ್ದವು.

“ನೀವೇ ಕಲಿಯಲಿಲ್ಲವಾ?” ಎಂದೆ.

“ನನ್ನನ್ನು ಅಮ್ಮತ್ತಿಗೆ ಮದುವೆ ಮಾಡಿ ಕೊಟ್ಟ್ರು ಮೇಡಂ. ಅಲ್ಲಿ ಬೇರೆ ಪದ್ಧತಿ. ಒಂದೆರಡು ಸಾಲು ಬರ್ತದೆ, ಒಲೆ ಬರ್ತದೆ, ಕೊಟ್ಟಿಗೆ ಬರ್ತದೆ. ಮತ್ತೆ ಎಂತದೂ ಬರೋದಿಲ್ಲ.”

“ಮತ್ತೆ ಫೋನಿನಲ್ಲಾದರೂ…” ಎಂದು ಬಾಯಿಬಿಟ್ಟವಳು ನಿಲ್ಲಿಸಿದೆ. ಅವಳೇ ಮುಂದುವರಿಸಿದಳು.

“ಅದೇ ನೋಡಿ. ಎಲ್ಲರ ಕೈಯಲ್ಲೂ ಫೋನುಂಟು. ನಾಯಿ ಮರಿ ಹಾಕಿದ್ದು ತೆಗೆದಿದ್ದೇವೆ, ಸಂಗಮದಲ್ಲಿ ನೀರು ಏರಿದ್ದು ತೆಗೆದಿದ್ದೇವೆ. ಅಮ್ಮನ ಹಾಡು ಮಾತ್ರ ಯಾರೂ ತೆಗೀಲಿಲ್ಲ. ಮನೇಲಿ ಹಾಡೋ ಹಾಗಿಲ್ಲ. ಸಾವಿನ ಮನೇಲಿ ಫೋನು ಎತ್ತಿ ಹಿಡಿಯೋಕೆ ನಾಚಿಕೆ. ಮತ್ತೆ ನಾವು ಕೇಳಿದಾಗೆಲ್ಲ ಅಮ್ಮ ಒಂದೇ ಮಾತು, ‘ಅದ್ ಸರ್ಕಾರದವ್ರ ಹತ್ರ ಉಟ್ಟಲ್ಲ, ಮತ್ತೆಂತ’ ಅಂತ.”

ಅವರ ಮಾತಿನಲ್ಲಿ ‘ಉಟ್ಟು’ ಎಂದರೆ ಇದೆ ಎಂದು. ಸರ್ಕಾರದ ಹತ್ತಿರ ಇದೆ. ಮನೆಯ ಪೆಟ್ಟಿಗೆಗೆ ಗೆದ್ದಲು ಹಿಡಿಯಬಹುದು, ಫೋನು ಬಾವಿಗೆ ಬೀಳಬಹುದು, ಸರ್ಕಾರದ ಹತ್ತಿರ ಇರುವುದಕ್ಕೆ ಏನಾಗುತ್ತದೆ? ಊರಿಗೆ ಊರೇ ಹಾಗೆ ನಂಬಿತ್ತಂತೆ. ನನ್ನ ಹೆಸರಿಗೆಂದೇ ಅದರಲ್ಲಿ ಜಾಗ ಬಿಟ್ಟಿದ್ದೇನೆ, ನಾನು ಸತ್ತ ದಿನ ರೇಡಿಯೋದವರಿಂದ ತಂದು ಹಾಕಿ, ಆ ಜಾಗ ಬಂದಾಗ ನನ್ನ ಹೆಸರು ಹೇಳಿ ಎಂದು ಆಕೆ ಚೆನ್ನಾಗಿರುವಾಗಲೇ ಮಗಳಿಗೆ ಹೇಳಿಟ್ಟಿದ್ದಳು. ಸರ್ಕಾರದ ಹತ್ತಿರ ಇರುವುದಕ್ಕೆ ಏನೇನಾಗುತ್ತದೆ ಎಂದು ಒಳಗಿದ್ದವಳಾದ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆಸೆ ಎನ್ನುವುದು ನಾಚಿಕೆಗೆಟ್ಟದ್ದು, ಬಂದೇ ಬಂತು.

ಈಗಿನ ನಮ್ಮ ಸಾಹೇಬರು ಕಲಬುರಗಿ ಕಡೆಯವರು. ಕೊಡಗಿನ ಚಳಿಗೆ ಮಫ್ಲರ್ ಸುತ್ತಿಕೊಂಡು, ವರ್ಗಾವಣೆಯ ದಾರಿ ಕಾಯುತ್ತ ಕುಳಿತಿರುವ ಒಳ್ಳೆಯ ಮನುಷ್ಯ. ಎಲ್ಲ ಕೇಳಿ, “ಟೇಪು ಇದ್ದರೂ ಕೊಡಾಕ ಬರಂಗಿಲ್ರೀ ಮೇಡಂ. ರೈಟ್ಸು ಡೆಲ್ಲಿದು. ಬರೀತೀನಿ, ನೋಡೋಣು” ಎಂದರು. ಬರೆದರು ಕೂಡ. ಅವರು ಬೆಂಗಳೂರಿಗೆ, ಬೆಂಗಳೂರಿನವರು ಡೆಲ್ಲಿಗೆ. ಈಗ ಎಲ್ಲ ಇಮೇಲು, ಆದ್ದರಿಂದ ತಡವಾಗಿ ಬರಬೇಕಾದ ಉತ್ತರ ಬೇಗನೆ ಬಂತು. ಅರ್ಜಿದಾರಳು ಗಾಯಕಿಯ ಕಾನೂನುಬದ್ಧ ವಾರಸುದಾರಳು ಎಂಬ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

ವಾರಸುದಾರಳು ಎಂದು ಬರೆದುಕೊಡಬೇಕಾದರೆ ತಾಲ್ಲೂಕು ಆಫೀಸಿನವರಿಗೆ ಮೊದಲು ಮರಣ ಪ್ರಮಾಣಪತ್ರ ಬೇಕು. ತಾಯಿ ಬದುಕಿದ್ದಾಳೆ. ಅಂದರೆ ತಾಯಿ ಸಾಯುವವರೆಗೆ ತಾಯಿಯ ಸಾವಿನ ಹಾಡು ಪಡೆಯಲು ಮಗಳಿಗೆ ಹಕ್ಕಿಲ್ಲ. ಸತ್ತ ಮೇಲೆ ಹಕ್ಕು ಬರುತ್ತದೆ, ಆಗ ಹೆಣ ಎತ್ತಿ ಆಗಿರುತ್ತದೆ. ನಾನು ಇದನ್ನು ಫೋನಿನಲ್ಲಿ ವಿವರಿಸಿದಾಗ ಆಚೆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. “ಹಾಗಾದ್ರೆ ಅಮ್ಮನ ಹತ್ರ ಸ್ವಲ್ಪ ಬೇಗ ಹೋಗು ಅಂತ ಹೇಳ್ಬೇಕಾ ಮೇಡಂ?” ಎಂದಳು. ತಮಾಷೆಗೆಂದೇ ಹೇಳಿದ್ದು, ಆದರೆ ಇಬ್ಬರಿಗೂ ನಗು ಬರಲಿಲ್ಲ.

ಸಾಹೇಬರೇ ಒಂದು ದಾರಿ ಹುಡುಕಿದರು. “ಒಯ್ಯಾಕ ಪರ್ಮಿಷನ್ ಬೇಕ್ರೀ, ಕೇಳಾಕ ಬೇಡಲ್ಲ? ಬರಲಿ, ಕುಂತು ಕೇಳಲಿ. ಆಕಿ ಕೈಯಾಗಿನ ಫೋನು ಚಾಲೂ ಐತೋ ಬಂದ್ ಐತೋ ನಾ ಯಾಕ ನೋಡ್ಲಿ” ಎಂದು ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡರು. ಆ ಗಳಿಗೆಯಲ್ಲಿ ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ಟೇಪು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಟೇಪು ಕೋಣೆಯಲ್ಲಿ ತೇವ ಹೀರುವ ಯಂತ್ರ ಕೆಟ್ಟು ಎಷ್ಟೋ ಮಳೆಗಾಲವಾಗಿದೆ. ಬಾಗಿಲು ತೆಗೆದರೆ ಹಳೆ ಕಂಬಳಿಯ ವಾಸನೆ. ಸ್ಪೂಲಿನ ಡಬ್ಬಗಳ ಮೇಲೆ ಬಿಳಿ ಬೂಷ್ಟು. ಆ ಕಪಾಟುಗಳಲ್ಲಿ ಯಾವುದು ಚೆನ್ನಾಗಿ ಉಳಿದಿದೆ ಎಂದು ನೋಡಿದರೆ ಸಾಕು, ಡೆಲ್ಲಿಗೆ ಯಾವುದು ಮುಖ್ಯ ಎಂದು ತಿಳಿಯುತ್ತದೆ. ಗಣ್ಯರ ಭಾಷಣಗಳಿಗೆ ‘ಕಾಯ್ದಿಡಿ’ ಎಂಬ ಕೆಂಪು ಚೀಟಿ ಅಂಟಿಸಿ ಗಾಜಿನ ಬಾಗಿಲಿನ ಒಳಗಿಟ್ಟಿದ್ದಾರೆ. ಉಳಿದ ಊರಿನ ಹಾಡುಗಳು ಕೆಳಗಿನ ಸಾಲಿನಲ್ಲಿ, ಗೋಡೆಯ ತೇವಕ್ಕೆ ಬೆನ್ನು ಕೊಟ್ಟುಕೊಂಡು.

ಎರಡು ಮಧ್ಯಾಹ್ನ ಮೂಗಿಗೆ ಸೆರಗು ಕಟ್ಟಿಕೊಂಡು ಹುಡುಕಿದೆ. ಸಿಕ್ಕಿತು. ಡಬ್ಬದ ಮೇಲೆ ಆ ಹಳೆಯ ಸಾಹೇಬರ ಕೈಬರಹ, ಊರಿನ ಹೆಸರು, ಆಕೆಯ ಹೆಸರು. ಕೂಗಿಕೊಂಡೆ. ಕಂಪ್ಯೂಟರಿನ ಮುಂದೆ ತೂಕಡಿಸುತ್ತಿದ್ದ ಟೆಕ್ನಿಷಿಯನ್ ಗಾಬರಿಯಿಂದ ಓಡಿ ಬಂದರು, ಹಾವು ಬಂತೇನೋ ಎಂದು. ಅವತ್ತೇ ಅವಳಿಗೆ ಫೋನು ಮಾಡಿ ಸಿಕ್ಕಿತು ಎಂದು ಹೇಳಿದೆ. ಅವಳು ಆಗ ತಾಯಿಯ ಮಂಚದ ಪಕ್ಕದಲ್ಲೇ ಇದ್ದಳಂತೆ. “ಅಮ್ಮಾ, ಸಿಕ್ಕಿತ್ ಗಡ”, ಸಿಕ್ಕಿತಂತೆ ಎಂದು, ಆಕೆಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಆಕೆ ಕಣ್ಣು ಮುಚ್ಚಿ ತೆರೆದಳಂತೆ. ಮಂಚದ ಸುತ್ತ ಇದ್ದವರಿಗೆ, ಅವರಿಂದ ಊರಿಗೆ, ಸುದ್ದಿ ಹಬ್ಬಿತು.

ಸ್ಪೂಲು ತಿರುಗಿಸುವ ಯಂತ್ರ ನಿಲಯದಲ್ಲಿ ಒಂದೇ ಉಳಿದಿತ್ತು, ಅದರ ಮೇಲೆ ಕ್ಯಾಂಟೀನಿನ ಫ್ಲಾಸ್ಕುಗಳನ್ನು ಇಡುತ್ತಿದ್ದರು. ಸುಳ್ಯದ ಕಡೆಯ, ಅರೆಭಾಷೆಯವರೇ ಆದ ನಮ್ಮ ಟೆಕ್ನಿಷಿಯನ್ ಅದನ್ನು ಒರೆಸಿ, ಬೆಲ್ಟು ಬದಲಿಸಿ ಸಿದ್ಧ ಮಾಡಿದರು. ಅವಳು ಮೊದಲ ಬಸ್ಸಿಗೇ ಬಂದಳು, ಇಸ್ತ್ರಿ ಮಾಡಿದ ಸೀರೆ ಉಟ್ಟು. ಫೋನನ್ನು ಸ್ಪೀಕರಿನ ಎದುರಿಗೆ ಇಟ್ಟು ಕೈ ಮುಗಿದುಕೊಂಡು ಕುಳಿತಳು. ಸಾಹೇಬರು ತಮಗೆ ಇನ್ನೆಲ್ಲೋ ಕೆಲಸವಿದೆ ಎಂದು ಹೊರಗೆ ಹೋದರು.

ಮೊದಲು ನನ್ನ ದನಿ ಬಂತು. ಇಪ್ಪತ್ತು ಚಿಲ್ಲರೆ ವಯಸ್ಸಿನ, ಮುಂದೆ ಏನೋ ಆಗಲಿದೆ ಎಂದು ನಂಬಿದ್ದ ದನಿ. ‘ಈಗ ಕೇಳಲಿರುವಿರಿ’ ಎಂದು ಆಕೆಯ ಹೆಸರು, ಊರು ಹೇಳಿತು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು.

“ಅಮ್ಮ” ಎಂದಳು ಅವಳು.

ಕಟ್ ಎಂದು ಒಂದು ಸದ್ದಾಯಿತು. ಗಂಡಸಿನ ದನಿ ಶುರುವಾಯಿತು. “ಪ್ರಿಯ ನಾಗರಿಕರೇ, ಅಯೋಡಿನ್‌ಯುಕ್ತ ಉಪ್ಪಿನ ಬಳಕೆಯ ಮಹತ್ವವನ್ನು ನಾವಿಂದು ಅರಿಯೋಣ.”

ಟೆಕ್ನಿಷಿಯನ್ ಕೈ ಯಂತ್ರದ ಮೇಲೆಯೇ ಉಳಿಯಿತು. ನನಗೂ ಅವರಿಗೂ ಕೂಡಲೇ ಅರ್ಥವಾಗಿತ್ತು. ಆ ಕಾಲದಲ್ಲಿ ಹೊಸ ಟೇಪು ಬರುವುದೇ ಅಪರೂಪ. ಡೆಲ್ಲಿಯಿಂದ ಒಂದೊಂದು ಅಭಿಯಾನದ ಬರಹ ಬರುತ್ತಿತ್ತು, ತರ್ಜುಮೆ ಮಾಡಿ ಇಂಥ ದಿನದೊಳಗೆ ಪ್ರಸಾರ ಮಾಡಿ ವರದಿ ಕಳಿಸಿ ಎಂಬ ಆಜ್ಞೆಯೊಂದಿಗೆ. ಟೇಪು ಎಲ್ಲಿಂದ ತರುವುದು? ಹಳೆಯದರ ಮೇಲೆಯೇ ರೆಕಾರ್ಡ್ ಮಾಡುವುದು. ಪ್ರಸಾರವೇ ಆಗದ ಟೇಪು ಎಂದರೆ ಬರಿದೇ ಬಿದ್ದಿರುವ ಟೇಪು, ಮೊದಲು ಕೈಗೆ ಸಿಗುವುದು ಅದೇ. ಹಾಡಿನ ಹುಚ್ಚಿನ ಸಾಹೇಬರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಯಾರನ್ನೂ ಬೈಯುವಂತಿಲ್ಲ. ಯಾರೋ ಒಬ್ಬ ತನ್ನ ಡ್ಯೂಟಿ ಮಾಡಿದ್ದ, ಅಷ್ಟೇ.

“ಇದು ಎಂತ?” ಎಂದಳು ಅವಳು.

ಟೆಕ್ನಿಷಿಯನ್ ಅವಳಿಗೆ ಅವಳ ಭಾಷೆಯಲ್ಲೇ ಮೆಲ್ಲಗೆ ಹೇಳಿದರು. ಅವಳು ಕೇಳಿಸಿಕೊಂಡಳು. ಅಳಲಿಲ್ಲ. “ಅಮ್ಮನ ಹಾಡು ಉದ್ದ ಇತ್ತು. ಉಪ್ಪಿಂದು ಅಷ್ಟು ಉದ್ದ ಇರ್ಲಿಕ್ಕಿಲ್ಲ. ಕೊನೇದು ಸ್ವಲ್ಪ ಉಳಿದಿರ್ಬಹುದಲ್ವಾ?” ಎಂದಳು.

ಇರಬಹುದು. ಅದು ನಮಗೆ ಹೊಳೆದಿರಲಿಲ್ಲ. ಮುಂದಕ್ಕೆ ಓಡಿಸಿದರೆ ಹಳೇ ಟೇಪು ತುಂಡಾದೀತು ಎಂದು ಟೆಕ್ನಿಷಿಯನ್ ಹೇಳಿದರು. ಹಾಗಾಗಿ ಮೂವರೂ ಕುಳಿತು ಉಪ್ಪಿನ ಭಾಷಣ ಪೂರ್ತಿ ಕೇಳಿದೆವು. ಗಳಗಂಡ ಎಂದರೇನು, ಅದು ಏಕೆ ಬರುತ್ತದೆ. ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ಗರ್ಭಿಣಿಯರು ಗಮನಿಸಿ. ಆತ ಒಂದೊಂದು ಅಕ್ಷರವನ್ನೂ ಸ್ಪಷ್ಟವಾಗಿ, ಯಾವ ಗಡಿಬಿಡಿಯೂ ಇಲ್ಲದೆ ಓದುತ್ತಿದ್ದ. ನಾನು ಮನಸ್ಸಿನಲ್ಲೇ, ಬೇಗ ಮುಗಿಸು ಮಾರಾಯ, ನಿನ್ನ ದಮ್ಮಯ್ಯ ಎನ್ನುತ್ತಿದ್ದೆ. ಅವಳ ಕಣ್ಣು ಸ್ಪೂಲಿನ ಮೇಲೆ, ಎಡಗಡೆಯದು ತೆಳ್ಳಗಾಗುತ್ತಿರುವುದರ ಮೇಲೆ ನೆಟ್ಟಿತ್ತು.

ಕೊನೆಗೆ ಆತ ವಂದಿಸಿದ. ಸ್ಪೂಲಿನಲ್ಲಿ ಇನ್ನೂ ಟೇಪು ಉಳಿದಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಬರೀ ಸುಯ್ಯೆಂಬ ಸದ್ದು. ಆಮೇಲೆ ನನ್ನ ದನಿ ಮತ್ತೆ ಬಂತು, ಅದೇ ಉತ್ಸಾಹದಲ್ಲಿ. ‘ಇದುವರೆಗೆ ನೀವು ಕೇಳಿದಿರಿ.’

ಅವಳು ನಕ್ಕುಬಿಟ್ಟಳು. “ಎಂತ ಕೇಳಿದ್ದು ಅಕ್ಕ?” ಎಂದಳು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವಳು ಆಗ ಅಕ್ಕ ಎಂದಳು. ನನಗೆ ಆ ಯಂತ್ರವನ್ನು ಎತ್ತಿ ಕಿಟಕಿಯಿಂದ ಕಣಿವೆಗೆ ಎಸೆಯಬೇಕೆನಿಸಿತು. ನಿರೂಪಣೆ ಉಳಿದಿತ್ತು, ಆ ಕಡೆಯದೂ ಈ ಕಡೆಯದೂ. ನಡುವಿನದು ಹೋಗಿತ್ತು. ಇಷ್ಟು ವರ್ಷದ ನನ್ನ ಕೆಲಸವೂ ಹೀಗೆಯೇ ಆಯಿತು ಎಂದು ಅನಿಸಿ, ನನ್ನ ದುಃಖ ಅವಳದರ ಮುಂದೆ ಯಾವ ಲೆಕ್ಕದ್ದು ಎಂದು ನನಗೇ ನಾಚಿಕೆಯಾಯಿತು.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬಸ್ಸು ಹತ್ತುವಾಗ, “ಅಮ್ಮನಿಗೆ ಎಂತ ಹೇಳ್ಲಿ?” ಎಂದಳು. ಹೇಳಬೇಡಿ ಎಂದೆ. ಅಷ್ಟೇ ಹೊಳೆದದ್ದು.

ಆಕೆ ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ ಡ್ಯೂಟಿ ಮುಗಿಸಿ ಹೊರಬರುತ್ತಿದ್ದಾಗ ಫೋನು ಬಂತು, ಅಮ್ಮ ಹೋದರು ಎಂದು. ಕರೆದಳೋ, ಬರೀ ತಿಳಿಸಿದಳೋ ಗೊತ್ತಾಗಲಿಲ್ಲ. ಹೋಗದಿರಲು ಮನಸ್ಸಾಗಲಿಲ್ಲ. ಭಾಗಮಂಡಲಕ್ಕೆ ಬಸ್ಸು, ಅಲ್ಲಿಂದ ಜೀಪು.

ಅಂಗಳದಲ್ಲಿ ಹೆಣ ಮಲಗಿಸಿದ್ದರು. ಸ್ನಾನವಾಗಿತ್ತು, ಹೊಸ ಸೀರೆ ಹೊದಿಸಿದ್ದರು. ನಾನು ಬೇಲಿಯ ದಣಪೆ ದಾಟುತ್ತಲೇ ಯಾರೋ, “ರೇಡಿಯೋದವು ಬಂದೊ” ಎಂದರು. ಆ ಮಾತು ಅಂಗಳವನ್ನೆಲ್ಲ ಸುತ್ತಿತು. ಜನ ಎರಡು ಕಡೆ ಸರಿದು ನನಗೆ ದಾರಿ ಬಿಟ್ಟರು. ಒಬ್ಬ ಕುರ್ಚಿ ತಂದ. ಎಲ್ಲರೂ ನನ್ನ ಮುಖ ನೋಡುತ್ತಿಲ್ಲ, ಕೈ ನೋಡುತ್ತಿದ್ದಾರೆ ಎಂದು ಆಗ ಗಮನಕ್ಕೆ ಬಂತು. ನನ್ನ ಕೈಯಲ್ಲಿ ಇದ್ದದ್ದು ಹೂವಿನ ಹಾರ ಮಾತ್ರ. ಅವರೆಲ್ಲ ಹಾಡಿಗೆ ಕಾಯುತ್ತಿದ್ದರು. ಮಗಳು ಯಾರಿಗೂ ಹೇಳಿರಲಿಲ್ಲ.

ಹಾರ ಹಾಕಿದೆ. ಹೆಣದ ತಲೆದೆಸೆಯಲ್ಲಿ ಜಾಗ ಖಾಲಿ ಬಿಟ್ಟಿದ್ದರು, ಹಾಡುವವಳು ನಿಲ್ಲುವ ಜಾಗ. ಆಕೆಯ ತಮ್ಮ, ಬೆನ್ನು ಬಾಗಿದ ಮುದುಕ, ನನ್ನ ಹತ್ತಿರ ಬಂದು, “ಹಾಡು ಹಾಕಿ ಮೇಡಂ, ಹೊತ್ತಾತ್” ಎಂದ. ಅಳುತ್ತಿದ್ದ ಹೆಂಗಸರೂ ಸುಮ್ಮನಾದರು.

“ಇಲ್ಲ ಅಜ್ಜ. ಆ ಹಾಡು ಅಳಿಸಿಹೋಗಿದೆ” ಎಂದೆ.

ಆತ ನನ್ನನ್ನೇ ನೋಡಿದ. “ಸರ್ಕಾರದ ಹತ್ರ ಇರೋದು ಅಳಿಸಿ ಹೋಗೋದು ಹೇಗೆ?” ಎಂದ. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. “ಕೊಡೋದಿಲ್ಲ ಅಂತ ಹೇಳಿ ಮೇಡಂ, ಅದು ಬೇರೆ.” ಹಿಂದೆ ಯಾರೋ ಗೊಣಗಿದರು. ಉಪ್ಪಿನ ಕಥೆಯನ್ನು ಆ ಅಂಗಳದಲ್ಲಿ ಹೇಗೆ ಹೇಳುವುದು? ನಾನು ಮಗಳ ಕಡೆ ನೋಡಿದೆ. ಅವಳು ನನ್ನ ಜೊತೆಗೇ ಕುಳಿತು ಎಲ್ಲ ಕೇಳಿದವಳು, ಅವಳಾದರೂ ಹೇಳಲಿ ಎಂದು.

ಅವಳು ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ಉಟ್ಟು ಮಾವ. ಅಲ್ಲೇ ಉಟ್ಟು. ಕೊಡಿಕೆ ಡೆಲ್ಲಿಂದ ಪರ್ಮಿಷನ್ ಬಂದಿಲ್ಲೆ.”

ಮುದುಕ ಹೌದು ಹೌದೆಂದು ತಲೆಯಾಡಿಸಿದ. ಅದು ಎಲ್ಲರಿಗೂ ಅರ್ಥವಾಯಿತು. ಒಬ್ಬರಿಂದ ಒಬ್ಬರಿಗೆ, ಹಿಂದೆ ನಿಂತಿದ್ದವರವರೆಗೂ ಆ ಮಾತು ಹೋಯಿತು, ಹಾಡು ಇದೆಯಂತೆ, ಡೆಲ್ಲಿಯವರು ಬಿಡುತ್ತಿಲ್ಲವಂತೆ ಎಂದು. ಹೆಂಗಸರು ನನ್ನ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದರು. ನಾನು ಇಲ್ಲ ಎನ್ನಲಿಲ್ಲ.

ಆಮೇಲೆ ಗಂಡಸರು ಬಗ್ಗಿ, ಹಾಗೆಯೇ ಹೆಣ ಎತ್ತಿದರು.